ಕಡಲ್ಗಳ್ಳನ ವೇಷ, ಕಡಲ್ಗಳ್ಳನ ಬಟ್ಟೆ

ಹೊನ್ನಾವರಕ್ಕೂ ಬಾರ್ಕೂರಿಗೂ ನಡುವೆ, ಒಂದು ಚಿಕ್ಕ ದ್ವೀಪದ ಹತ್ತಿರ, 12 ಹಡಗುಗಳು ಇಬ್ನ್ ಬತೂತಾನ ಹಡಗಿನ ಮೇಲೆ ಬಿದ್ದವು. 1340ರ ದಶಕದ ಮಾತು. ಮೊರೊಕ್ಕೊದ ಈ ಪ್ರವಾಸಿ ಆಗ ಕೊಲ್ಲಂ ಕಡೆಯಿಂದ ಹೊನ್ನಾವರಕ್ಕೆ ಬರುತ್ತಿದ್ದ. ಸಿಂಹಳದ ರಾಜ ಕೊಟ್ಟಿದ್ದ ಮುತ್ತು, ಮಾಣಿಕ್ಯ ಹೋದವು. ಕಷ್ಟಕಾಲಕ್ಕೆ ಇರಲಿ ಎಂದು ಎತ್ತಿಟ್ಟುಕೊಂಡದ್ದೂ ಹೋಯಿತು. ಮೈಮೇಲಿನ ಬಟ್ಟೆಯನ್ನೂ ಬಿಡಲಿಲ್ಲ. ಉಳಿದದ್ದು ಒಂದು ಚಲ್ಲಣ. ಅವನು ಕಲ್ಲಿಕೋಟೆಗೆ ಹಿಂದಿರುಗಿ ಮಸೀದಿಯೊಂದನ್ನು ಹೊಕ್ಕ. ಅಲ್ಲಿನ ಪಂಡಿತರೊಬ್ಬರು ನಿಲುವಂಗಿ ಕಳಿಸಿದರು, ಖಾಜಿ ಒಂದು ರುಮಾಲು ಕಳಿಸಿದರು, ವ್ಯಾಪಾರಿಯೊಬ್ಬ ಇನ್ನೊಂದು ನಿಲುವಂಗಿ ಕೊಟ್ಟ.

ಆ ದ್ವೀಪ ಮುರುಡೇಶ್ವರದ ಎದುರಿನ ನೇತ್ರಾಣಿಯೇ ಇರಬೇಕು ಎನ್ನುವವರಿದ್ದಾರೆ. ಈಗ ಅಲ್ಲಿ ಜನ ದುಡ್ಡು ಕೊಟ್ಟು ಸ್ಕೂಬಾ ಡೈವಿಂಗ್ ಮಾಡುತ್ತಾರೆ.

ರತ್ನ ದೋಚಿದ್ದು ಅರ್ಥವಾಗುತ್ತದೆ. ಬಳಸಿದ ಬಟ್ಟೆ ಯಾಕೆ? ಯಾಕೆಂದರೆ ಬಟ್ಟೆ ಆಗ ಅಷ್ಟು ದುಬಾರಿ. ನೂಲುವುದು, ನೇಯುವುದು, ಹೊಲಿಯುವುದು ಎಲ್ಲ ಕೈಯಲ್ಲೇ. ಒಂದು ಒಳ್ಳೆಯ ನಿಲುವಂಗಿಯನ್ನು ಮಾರಬಹುದು, ಅಡ ಇಡಬಹುದು, ಮಗನಿಗೆ ಬಿಟ್ಟುಹೋಗಬಹುದು. ಕಡಲ್ಗಳ್ಳರ ಉಡುಪಿನ ಬಗ್ಗೆ ಮಾತಾಡುವಾಗ ಇದನ್ನು ಮರೆತರೆ ಎಲ್ಲ ತಪ್ಪುತ್ತದೆ. ಅವರಿಗೆ ಬಟ್ಟೆ ವೇಷವಾಗಿರಲಿಲ್ಲ, ಲೂಟಿಯ ಮಾಲಾಗಿತ್ತು.

ವೇಷ ಆಮೇಲೆ ಬಂತು. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸುವಾಗಲೇ ರಾಕ್ಷಸ ಬಂದ ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಮುಖದ ಚುಟ್ಟಿ ನೋಡಿದರೆ ಸಾಕು, ಹೆಸರು ಕೇಳಬೇಕಾಗಿಲ್ಲ. ಕಡಲ್ಗಳ್ಳನಿಗೂ ಪ್ರಪಂಚವೆಲ್ಲ ಸೇರಿ ಅಂಥದ್ದೊಂದು ವೇಷ ಕಟ್ಟಿಬಿಟ್ಟಿದೆ. ಶಾಲೆಯ ಫ್ಯಾನ್ಸಿ ಡ್ರೆಸ್ ಸ್ಪರ್ಧೆಗೆ ಮಗುವಿನ ಒಂದು ಕಣ್ಣಿಗೆ ಕರಿ ಬಟ್ಟೆ ಕಟ್ಟಿ, ತಲೆಗೆ ಕೆಂಪು ಕರ್ಚೀಫು ಸುತ್ತಿದರೆ ಮುಗಿಯಿತು, ಅಲ್ವಾ?

ಈ ವೇಷ ಹೊಲಿದ ದರ್ಜಿಗಳ ಹೆಸರೂ ಗೊತ್ತಿದೆ. ಹೊವಾರ್ಡ್ ಪೈಲ್ ಎಂಬ ಅಮೆರಿಕದ ಚಿತ್ರಕಾರ (1853–1911) ಪತ್ರಿಕೆಗಳಿಗೆ ಕಡಲ್ಗಳ್ಳರ ಚಿತ್ರ ಬರೆಯುತ್ತಿದ್ದ. ಅವರು ನಿಜವಾಗಿ ಏನು ತೊಡುತ್ತಿದ್ದರು ಎಂದು ತೋರಿಸುವ ಚಿತ್ರಗಳು ಅವನ ಮುಂದೆ ಹೆಚ್ಚು ಇರಲಿಲ್ಲ. ಹಾಗಾಗಿ ಸ್ಪೇನಿನ ಹಳ್ಳಿಗರ, ಜಿಪ್ಸಿಗಳ ಉಡುಪಿನಿಂದ ಒಂದಿಷ್ಟು ತೆಗೆದುಕೊಂಡ. ಸೊಂಟಕ್ಕೆ ಅಗಲವಾದ ಪಟ್ಟಿ, ಕಿವಿಗೆ ದೊಡ್ಡ ಬಳೆಯಂಥ ರಿಂಗು, ತಲೆಗೆ ಬಣ್ಣದ ವಸ್ತ್ರ. ಚಿತ್ರ ಚೆನ್ನಾಗಿತ್ತು. ಸಿನಿಮಾದವರು ಅದನ್ನೇ ಎತ್ತಿಕೊಂಡರು. ಇನ್ನು ‘ಆರ್‌ರ್‌’ ಎನ್ನುವ ಆ ಗಡಸು ಮಾತು? ಅದು 1950ರ ಒಂದು ಸಿನಿಮಾದಲ್ಲಿ ನಟ ರಾಬರ್ಟ್ ನ್ಯೂಟನ್ ತನ್ನ ಊರ ಕಡೆಯ, ಅಂದರೆ ನೈಋತ್ಯ ಇಂಗ್ಲೆಂಡಿನ ಉಚ್ಚಾರಣೆಯನ್ನು ಎಳೆದು ಆಡಿದ್ದು. ಮಂಡ್ಯದ ನಟನೊಬ್ಬ ಒಂದು ಸಿನಿಮಾದಲ್ಲಿ ದರೋಡೆಕೋರನಾಗಿ ನಟಿಸಿದ್ದಕ್ಕೆ ಜಗತ್ತಿನ ದರೋಡೆಕೋರರೆಲ್ಲ ಮಂಡ್ಯದ ಮಾತೇ ಆಡುತ್ತಾರೆ ಅಂದುಕೊಂಡ ಹಾಗೆ.

ಕಣ್ಣಿನ ಪಟ್ಟಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ವಿವರಣೆ ಓಡಾಡುತ್ತಿರುತ್ತದೆ. ಹಡಗಿನ ಒಳಗಿನ ಕತ್ತಲಿಗೆ ಇಳಿದಾಗ ಒಂದು ಕಣ್ಣಾದರೂ ಸಿದ್ಧವಾಗಿರಲಿ ಅಂತ ಅದನ್ನು ಮುಚ್ಚಿಟ್ಟುಕೊಳ್ಳುತ್ತಿದ್ದರಂತೆ. ಕೇಳಲು ಜಾಣತನದ ಮಾತು. ಆದರೆ ಕಡಲ್ಗಳ್ಳರು ಹೀಗೆ ಮಾಡುತ್ತಿದ್ದರು ಎನ್ನಲು ಆ ಕಾಲದ ಆಧಾರವಿಲ್ಲ. ಕಣ್ಣು ಹೋದವರು ಪಟ್ಟಿ ಕಟ್ಟಿಕೊಂಡರು, ಅಷ್ಟೆ. ಪರ್ಷಿಯನ್ ಕೊಲ್ಲಿಯಲ್ಲಿ ಹೆಸರು ಮಾಡಿದ್ದ ರಹ್ಮಾ ಇಬ್ನ್ ಜಾಬಿರ್ ಅಂಥವನು. ಕಾಳಗದಲ್ಲಿ ಒಂದು ಕಣ್ಣು ಕಳೆದುಕೊಂಡಿದ್ದ. ಅವನ ಸಂಪತ್ತಿಗೆ ಲೆಕ್ಕವಿರಲಿಲ್ಲ. ಆದರೂ ಒಮ್ಮೆ ತೊಟ್ಟ ಅಂಗಿಯನ್ನು ಅದು ಹರಿದುಹೋಗುವವರೆಗೆ ಬಿಚ್ಚುತ್ತಿರಲಿಲ್ಲ ಎಂದು ಅವನನ್ನು ಕಂಡ ಇಂಗ್ಲಿಷ್ ಪ್ರವಾಸಿಯೊಬ್ಬ ಬರೆದಿಟ್ಟಿದ್ದಾನೆ. 1826ರಲ್ಲಿ, ಸೋಲು ಖಚಿತವಾದಾಗ, ಅವನು ತನ್ನ ಹಡಗಿನ ಮದ್ದಿಗೆ ತಾನೇ ಬೆಂಕಿ ಇಟ್ಟು ಸತ್ತ.

ಹಾಗಾದರೆ ನಿಜವಾದ ಕಡಲ್ಗಳ್ಳ ಹೇಗಿದ್ದ? 1690ರಿಂದ 1720ರವರೆಗಿನ ಅಟ್ಲಾಂಟಿಕ್ ಕಡಲ್ಗಳ್ಳರನ್ನೇ ತೆಗೆದುಕೊಳ್ಳೋಣ. ಇವತ್ತಿನ ವೇಷವೆಲ್ಲ ಅವರ ಹೆಸರಿನಲ್ಲೇ ನಡೆಯುತ್ತಿರುವುದು. ಅವರಲ್ಲಿ ಹೆಚ್ಚಿನವರು ಮೊದಲು ವ್ಯಾಪಾರಿ ಹಡಗಿನಲ್ಲೋ ನೌಕಾಪಡೆಯಲ್ಲೋ ದುಡಿದ ನಾವಿಕರು. ಆದ್ದರಿಂದ ನಾವಿಕರ ಹಾಗೇ ಕಾಣುತ್ತಿದ್ದರು. ಗಿಡ್ಡ ಜಾಕೆಟ್ಟು, ಚೌಕಳಿ ಅಂಗಿ, ಉಣ್ಣೆಯ ಟೋಪಿ, ಹಾಯಿಬಟ್ಟೆಯ ದೊಗಳೆ ಪ್ಯಾಂಟು. ಊರಲ್ಲಿ ಗಂಡಸರು ಮಂಡಿಯವರೆಗೆ ಬಿಗಿ ಚಡ್ಡಿ, ಅದರ ಕೆಳಗೆ ಉದ್ದ ಕಾಲುಚೀಲ ತೊಡುತ್ತಿದ್ದ ಕಾಲ ಅದು. ದೊಗಳೆ ಪ್ಯಾಂಟು ಕಂಡರೆ ಹಡಗಿನವನು ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಅದನ್ನು ಮಡಚಿ ಮೇಲಕ್ಕೆ ಏರಿಸಬಹುದು, ನೀರಲ್ಲಿ ನಿಲ್ಲಬಹುದು, ಹಗ್ಗ ಹತ್ತಬಹುದು. ನೀರು ಹಿಡಿಯದಿರಲಿ ಅಂತ ಬಟ್ಟೆಗೆ ಪೈನ್ ಮರದ ರಾಳದಿಂದ ಮಾಡಿದ ಟಾರು ಬಳಿಯುತ್ತಿದ್ದರು. ಇಂಗ್ಲಿಷ್ ನಾವಿಕನಿಗೆ ‘ಜ್ಯಾಕ್ ಟಾರ್’ ಎಂಬ ಅಡ್ಡಹೆಸರು ಇದಕ್ಕೇ ಬಂದದ್ದು ಎನ್ನುತ್ತಾರೆ. ಹತ್ತಿರ ಹೋದರೆ ವಾಸನೆ ಹೇಗಿರುತ್ತಿತ್ತೋ, ಅದನ್ನು ಯಾವ ಚಿತ್ರಕಾರನೂ ತೋರಿಸಲಾರ.

ಬಟ್ಟೆ ಹಡಗಿನಲ್ಲೇ ಮಾರಾಟಕ್ಕಿರುತ್ತಿತ್ತು. ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಬ್ರಿಟನ್ನಿನ ನೌಕಾಪಡೆಯಲ್ಲಿ ಅಧಿಕಾರಿಗಳಿಗೆ ಯೂನಿಫಾರ್ಮ್ ಬಂದದ್ದು 1748ರಲ್ಲಿ, ಸಾಮಾನ್ಯ ನಾವಿಕರಿಗೆ 1857ರಲ್ಲಿ. ಅಂದರೆ ಆ ಕಾಲದಲ್ಲಿ ವ್ಯಾಪಾರಿ ಹಡಗಿನವನು, ಯುದ್ಧದ ಹಡಗಿನವನು, ಕಳ್ಳ ಹಡಗಿನವನು ಮೂವರನ್ನೂ ಸಾಲಾಗಿ ನಿಲ್ಲಿಸಿದರೆ ಬಟ್ಟೆ ನೋಡಿ ಬೇರೆ ಮಾಡುವುದು ಕಷ್ಟ.

ಪೈಲ್ ಪೂರ್ತಿ ಸುಳ್ಳೂ ಹೇಳಲಿಲ್ಲ. 1720ರಲ್ಲಿ ಜಮೈಕಾದಲ್ಲಿ ಆ್ಯನ್ ಬೋನಿ, ಮೇರಿ ರೀಡ್ ಎಂಬ ಇಬ್ಬರು ಹೆಂಗಸರ ಮೇಲೆ ಕಡಲ್ಗಳ್ಳತನದ ವಿಚಾರಣೆ ನಡೆಯಿತು. ದೋಚಿಸಿಕೊಂಡ ಡೊರೊಥಿ ಥಾಮಸ್ ಎಂಬಾಕೆ ಸಾಕ್ಷಿ ಹೇಳಿದಳು. ಇಬ್ಬರೂ ಗಂಡಸರ ಜಾಕೆಟ್ಟು, ಉದ್ದ ಪ್ಯಾಂಟು ತೊಟ್ಟು, ತಲೆಗೆ ಕರ್ಚೀಫು ಕಟ್ಟಿದ್ದರು, ಕೈಯಲ್ಲಿ ಮಚ್ಚು, ಪಿಸ್ತೂಲು ಇತ್ತು ಅಂದಳು. ಮತ್ತೆ ಹೆಂಗಸರು ಅಂತ ಹೇಗೆ ಗೊತ್ತಾಯಿತು ಎಂದರೆ, ಎದೆ ನೋಡಿ ಅಂದಳು. ಕಡಲ್ಗಳ್ಳರ ಉಡುಪಿನ ಬಗ್ಗೆ ಪ್ರಮಾಣ ಮಾಡಿ ಹೇಳಿದ ಮಾತು ಸಿಗುವುದೇ ಅಪರೂಪ. ತಲೆವಸ್ತ್ರಕ್ಕೆ ಇಷ್ಟಾದರೂ ಸಾಕ್ಷಿ ಇದೆ.

ಈ ಇಬ್ಬರ ನಾಯಕ ಜಾನ್ ರ‍್ಯಾಕಮ್. ಅವನಿಗೆ ‘ಕ್ಯಾಲಿಕೊ ಜ್ಯಾಕ್’ ಎಂಬ ಹೆಸರು ಬಂದದ್ದು ಬಟ್ಟೆಯಿಂದ. ಕ್ಯಾಲಿಕೊ ಅಂದರೆ ಹತ್ತಿ ಬಟ್ಟೆ. ಆ ಪದ ಹುಟ್ಟಿದ್ದು ಕ್ಯಾಲಿಕಟ್‌ನಿಂದ, ಅಂದರೆ ಇಬ್ನ್ ಬತೂತಾ ಚಲ್ಲಣದಲ್ಲಿ ಹೋಗಿ ಸೇರಿದ ಅದೇ ಕಲ್ಲಿಕೋಟೆಯಿಂದ. ಆಗ ಇಂಗ್ಲೆಂಡಿನಲ್ಲಿ ಭಾರತದ ಹತ್ತಿಗೆ ಹುಚ್ಚು ಬೇಡಿಕೆ. ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರ ಹೊಟ್ಟೆಗೆ ಪೆಟ್ಟು ಬಿತ್ತು. 1700ರಲ್ಲಿ ಅಚ್ಚು ಹಾಕಿದ ಹತ್ತಿಬಟ್ಟೆಯ ಆಮದು ನಿಂತಿತು. 1719ರಲ್ಲಿ ಲಂಡನ್ನಿನ ನೇಕಾರರು ಕ್ಯಾಲಿಕೊ ಉಟ್ಟ ಹೆಂಗಸರನ್ನು ಬೀದಿಯಲ್ಲಿ ಅಡ್ಡಗಟ್ಟಿ ಬಟ್ಟೆ ಹರಿದುಹಾಕಿದರು. 1721ರ ಕಾಯ್ದೆ ಅದನ್ನು ತೊಡುವುದನ್ನೇ ನಿಷೇಧಿಸಿತು. ಲಂಡನ್ನಿನಲ್ಲಿ ಒಬ್ಬ ಹೆಣ್ಣುಮಗಳು ಹಾಕಿಕೊಂಡು ಓಡಾಡಲು ಹೆದರುತ್ತಿದ್ದ ಬಟ್ಟೆಯನ್ನು ಕೆರಿಬಿಯನ್ನಿನಲ್ಲಿ ಒಬ್ಬ ಕಳ್ಳ ಹೆಸರಿಗೇ ಅಂಟಿಸಿಕೊಂಡು ತಿರುಗಿದ. 1720ರ ನವೆಂಬರ್ 18ರಂದು ಅವನನ್ನು ಗಲ್ಲಿಗೇರಿಸಿದರು.

ಅದೇ ಕಾಲದ ಇನ್ನೊಬ್ಬ ಕಡಲ್ಗಳ್ಳ ನಾಯಕ ಬಾರ್ಥಲೊಮ್ಯೂ ರಾಬರ್ಟ್ಸ್‌ನ ಹಡಗಿನಲ್ಲಿ ಲಿಖಿತ ಕಟ್ಟಳೆ ಇತ್ತು. ಹಡಗು ಹಿಡಿದಾಗ ಪಟ್ಟಿಯ ಪ್ರಕಾರ ಸರದಿಯಲ್ಲಿ ಕರೆಯುತ್ತಿದ್ದರು, ಯಾಕೆಂದರೆ ಆ ಹಡಗು ಹತ್ತಿದವನಿಗೆ ಪಾಲಿನ ಮೇಲೆ ಒಂದು ಜೊತೆ ಬಟ್ಟೆ ಹೆಚ್ಚಿಗೆ ಸಿಗುತ್ತಿತ್ತು. ನೋಡಿ, ಬಟ್ಟೆಗಾಗಿ ಕ್ಯೂ. ನಾವಿಕನೊಬ್ಬ ಹೀಗೆ ಒಮ್ಮೆಗೇ ಸಾಹುಕಾರನ ಕೋಟು ತೊಡುತ್ತಿದ್ದ. ಅಳತೆ ಸರಿ ಇಲ್ಲದಿದ್ದರೂ ಪರವಾಗಿಲ್ಲ. ಕೆಳಗೆ ಟಾರು ಬಳಿದ ಪ್ಯಾಂಟು, ಮೇಲೆ ಯಾರದೋ ಜರಿ ಅಂಗಿ. ಸಿನಿಮಾ ತೋರಿಸುವ ಆ ಗೊಂದಲದ ಸೊಗಸಿಗೆ ನಿಜವಾದ ಮೂಲ ಇದ್ದರೆ ಅದು ಇಲ್ಲಿದೆ.

ರಾಬರ್ಟ್ಸ್ ಮಾತ್ರ ಅಳತೆ ನೋಡಿ ತೊಡುತ್ತಿದ್ದ ಅನಿಸುತ್ತದೆ. 1722ರ ಫೆಬ್ರವರಿ 10ರಂದು, ಇವತ್ತಿನ ಗಬೋನ್ ಕರಾವಳಿಯ ಹತ್ತಿರ, ಬ್ರಿಟಿಷ್ ಯುದ್ಧನೌಕೆ ಅವನ ಮೇಲೆ ಬಂತು. ಅವನು ಕಡುಗೆಂಪು ಡಮಾಸ್ಕ್ ಬಟ್ಟೆಯ ಉಡುಪು ತೊಟ್ಟ. ಟೋಪಿಗೆ ಕೆಂಪು ಗರಿ, ಕೊರಳಲ್ಲಿ ವಜ್ರದ ಶಿಲುಬೆ ಇದ್ದ ಚಿನ್ನದ ಸರ, ಹೆಗಲಿಂದ ರೇಷ್ಮೆ ಪಟ್ಟಿಯಲ್ಲಿ ಇಳಿಬಿಟ್ಟ ಎರಡು ಜೊತೆ ಪಿಸ್ತೂಲು. ಮದುಮಗನ ಹಾಗೆ ನಿಂತ, ಗುಂಡು ಬಿದ್ದು ಸತ್ತ. ಅವನ ಇಚ್ಛೆಯಂತೆ ಹೆಣವನ್ನು ಅದೇ ಉಡುಪಿನಲ್ಲಿ ಕಡಲಿಗೆ ಹಾಕಿದರು. 400ಕ್ಕೂ ಹೆಚ್ಚು ಹಡಗು ಹಿಡಿದವನು ಅವನು. ಸೆರೆಸಿಕ್ಕ ಅವನ ಕಡೆಯವರಲ್ಲಿ 52 ಮಂದಿಗೆ ಪಶ್ಚಿಮ ಆಫ್ರಿಕಾದ ಕೇಪ್ ಕೋಸ್ಟ್ ಕೋಟೆಯಲ್ಲಿ ನೇಣು ಆಯಿತು.

ಬ್ಲ್ಯಾಕ್‌ಬಿಯರ್ಡ್ ಎಂಬ ಇನ್ನೊಬ್ಬ ನಾಯಕ ಟೋಪಿಯ ಕೆಳಗೆ ನಿಧಾನಕ್ಕೆ ಉರಿಯುವ ಬತ್ತಿ ಸಿಕ್ಕಿಸಿಕೊಂಡು ಹೊಗೆಯ ನಡುವೆ ನಿಲ್ಲುತ್ತಿದ್ದನಂತೆ. ಅದು ಬುದ್ಧಿವಂತಿಕೆಯೂ ಹೌದು. ಎದುರಿನವರು ಹೆದರಿ ಶರಣಾದರೆ ಗುಂಡು ಉಳಿಯುತ್ತದೆ, ಮಾಲು ಉಳಿಯುತ್ತದೆ, ತನ್ನವರ ಕೈಕಾಲೂ ಉಳಿಯುತ್ತದೆ. ತಲೆಬುರುಡೆಯ ಬಾವುಟದ ಕೆಲಸವೂ ಅದೇ. ನಾಯಕರ ಆಡಂಬರ ಈ ವ್ಯಾಪಾರದ ಬಂಡವಾಳ. ಉಳಿದವರದು ಸುಮ್ನೆ ಹೊಟ್ಟೆಪಾಡು.

ಹಾಗಂತ ಈ ಜನರನ್ನು ಮುದ್ದು ಮಾಡುವುದು ನನಗಾಗದು. 1695ರ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಕಡಲ್ಗಳ್ಳ ಹೆನ್ರಿ ಎವ್ರಿ ಔರಂಗಜೇಬನ ‘ಗಂಜ್-ಇ-ಸವಾಯಿ’ ಹಡಗನ್ನು ಹಿಡಿದ. ಮೆಕ್ಕಾ ಯಾತ್ರೆ ಮುಗಿಸಿ ಸೂರತ್‌ಗೆ ಬರುತ್ತಿದ್ದವರು ಅದರಲ್ಲಿದ್ದರು. ಅವರನ್ನು ಹಿಂಸಿಸಿದರು, ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ಕೆಲವರು ಕಡಲಿಗೆ ಹಾರಿ ಸತ್ತರು. ಔರಂಗಜೇಬನ ಅಧಿಕಾರಿಗಳು ಸೂರತ್ತಿನ ಇಂಗ್ಲಿಷ್ ವ್ಯಾಪಾರಿಗಳನ್ನು ಸಂಕೋಲೆ ಹಾಕಿ ಕೂರಿಸಿದರು. ಎವ್ರಿ ಮಾತ್ರ ಕೊನೆಗೂ ಸಿಗಲಿಲ್ಲ. ಅವನ ಕಡೆಯ ಜಾನ್ ಡಾನ್ ಸಿಕ್ಕಿಬಿದ್ದ ಬಗೆ ನೋಡಿ. ಇಂಗ್ಲೆಂಡಿನ ರಾಚೆಸ್ಟರ್‌ನಲ್ಲಿ ತಂಗಿದ್ದಾಗ ಕೆಲಸದಾಕೆ ಅವನ ಒಳಜಾಕೆಟ್ಟು ಎತ್ತಿದಳು, ತೂಕ ಜಾಸ್ತಿ ಇತ್ತು. ಹೊಲಿಗೆಯ ಒಳಗೆ 1,045 ಪೌಂಡಿನ ಚಿನ್ನದ ನಾಣ್ಯ. ನಾವಿಕನ ತಿಂಗಳ ಸಂಬಳ ಒಂದೆರಡು ಪೌಂಡ್ ಇದ್ದ ಕಾಲ! ಕಡಲ್ಗಳ್ಳನ ಬಟ್ಟೆ ಕಡಲ್ಗಳ್ಳನನ್ನು ಹಿಡಿದುಕೊಟ್ಟ ಪ್ರಸಂಗ ನನಗೆ ಗೊತ್ತಿರುವುದು ಇದೊಂದೇ.

ಮಣ್ಣಿನಡಿಯಿಂದ, ನೀರಿನಡಿಯಿಂದ ಸಿಕ್ಕ ಸಾಕ್ಷಿ ಇನ್ನೂ ಕಡಿಮೆ, ಬಟ್ಟೆ ಕೊಳೆತುಹೋಗುತ್ತದೆ. ಸ್ಯಾಮ್ ಬೆಲ್ಲಮಿ ಎಂಬ ಕಡಲ್ಗಳ್ಳನ ‘ವಿಡಾ’ ಹಡಗು 1717ರ ಏಪ್ರಿಲ್ 26ರ ರಾತ್ರಿ ಬಿರುಗಾಳಿಗೆ ಸಿಕ್ಕಿ ಅಮೆರಿಕದ ಕೇಪ್ ಕಾಡ್ ಹತ್ತಿರ ಮುಳುಗಿತು. 1984ರಲ್ಲಿ ಅದರ ಅವಶೇಷ ಸಿಕ್ಕಿತು. ಅದರಲ್ಲಿ ಒಂದು ಸಣ್ಣ ಷೂ, ರೇಷ್ಮೆ ಕಾಲುಚೀಲ, ಅದರೊಂದಿಗೆ ಒಂದು ಮಗುವಿನ ಕಾಲಿನ ಮೂಳೆ ಇತ್ತು. ಅದು ಜಾನ್ ಕಿಂಗ್‌ನದು ಎಂದು ನಂಬಲಾಗಿದೆ. 8ರಿಂದ 11 ವರ್ಷದ ಹುಡುಗ. ಕೆಲವು ತಿಂಗಳ ಹಿಂದೆ ಬೆಲ್ಲಮಿ ದೋಚಿದ ಹಡಗಿನಲ್ಲಿ ಅಮ್ಮನ ಜೊತೆ ಪ್ರಯಾಣ ಮಾಡುತ್ತಿದ್ದ. ತಾನೂ ಕಡಲ್ಗಳ್ಳನಾಗುತ್ತೇನೆ ಎಂದು ಹಟ ಹಿಡಿದು ಅಮ್ಮನನ್ನು ಬಿಟ್ಟು ಬಂದ. ರೇಷ್ಮೆ ಕಾಲುಚೀಲ ಅಂದರೆ ಅವನು ಅನುಕೂಲಸ್ಥರ ಮನೆಯವನು.

ಬದುಕು ಹೇಗಿತ್ತು? ಮರದ ಕಾಲಿನ ಕಥೆ ಹುಸಿಯಲ್ಲ. 16ನೇ ಶತಮಾನದ ಫ್ರೆಂಚ್ ನಾಯಕ ಫ್ರಾಂಸ್ವಾ ಲ ಕ್ಲರ್ಕ್‌ನನ್ನು ‘ಮರಗಾಲ’ ಅಂತಲೇ ಕರೆಯುತ್ತಿದ್ದರು. 17ನೇ ಶತಮಾನದ ಕೆರಿಬಿಯನ್ ಕಡಲ್ಗಳ್ಳರ ಜೊತೆಗಿದ್ದ ವೈದ್ಯನೊಬ್ಬ ಅವರ ಪರಿಹಾರದ ದರ ಬರೆದಿಟ್ಟಿದ್ದಾನೆ. ಬಲಗೈ ಹೋದರೆ 600 ಬೆಳ್ಳಿ ನಾಣ್ಯ, ಎಡಗೈಗೆ 500, ಬಲಗಾಲಿಗೆ 500, ಎಡಗಾಲಿಗೆ 400. ಕಣ್ಣಿಗೆ 100. ಬೆರಳಿಗೂ 100! ನಾಣ್ಯದ ಬದಲು ಗುಲಾಮರನ್ನೂ ಪಡೆಯಬಹುದಿತ್ತು. ಗಾಯಾಳುವಿಗೆ ನ್ಯಾಯ ಅಂತ ಇವರನ್ನು ಹೊಗಳುವವರು ಈ ಕೊನೆಯ ಮಾತನ್ನು ಹೇಳದೆ ಬಿಡುತ್ತಾರೆ. ರೋಗದ ಹೆದರಿಕೆ ಗುಂಡಿನ ಹೆದರಿಕೆಗಿಂತ ಕಡಿಮೆಯದಲ್ಲ. 1718ರಲ್ಲಿ ಬ್ಲ್ಯಾಕ್‌ಬಿಯರ್ಡ್ ಅಮೆರಿಕದ ಚಾರ್ಲ್ಸ್‌ಟನ್ ಬಂದರನ್ನೇ ಮುತ್ತಿ ಕೂತ. ಕೇಳಿದ್ದು ಒಂದು ಪೆಟ್ಟಿಗೆ ಔಷಧ.

ಪೂರ್ವದಲ್ಲಿ ಬದುಕು ಇನ್ನೊಂದು ಬಗೆ. 1809ರಲ್ಲಿ ಚೀನಾದ ಕಡಲ್ಗಳ್ಳರ ಕೈಗೆ ರಿಚರ್ಡ್ ಗ್ಲಾಸ್‌ಪೂಲ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಸಿಕ್ಕಿಬಿದ್ದ. ಆಗ ಅಲ್ಲಿನ ದೊಡ್ಡ ಪಡೆ ಜಂಗ್ ಈ ಸಾವ್ ಎಂಬ ಹೆಂಗಸಿನ ಕೈಯಲ್ಲಿತ್ತು. ಮುಖ್ಯಸ್ಥನೊಬ್ಬ ನೇರಳೆ ರೇಷ್ಮೆ ತೊಟ್ಟು, ಕರಿ ರುಮಾಲು ಸುತ್ತಿ ಕುರ್ಚಿಯಲ್ಲಿ ಕೂತಿದ್ದ. ಉಳಿದವರು ಸಂಸಾರ ಸಮೇತ ಹಡಗಿನಲ್ಲೇ ವಾಸ, ಒಬ್ಬೊಬ್ಬರಿಗೆ ನಾಲ್ಕಡಿ ಚೌಕದ ಗೂಡು. ಅದರಲ್ಲೇ ಹೆಂಡತಿ, ಮಕ್ಕಳು. ಇಲಿ ಸಾಕಿ ತಿನ್ನುತ್ತಿದ್ದರು. ಮೂರು ವಾರ ಅನ್ನದ ಜೊತೆ ಬೇಯಿಸಿದ ಕಂಬಳಿಹುಳು ತಿಂದು ಕಳೆದೆವು ಎಂದು ಗ್ಲಾಸ್‌ಪೂಲ್ ಬರೆದಿದ್ದಾನೆ. ಅದಕ್ಕೂ 500 ವರ್ಷ ಹಿಂದೆ ಮಾರ್ಕೊ ಪೋಲೊ ಮಲಬಾರಿನ ಕಡಲ್ಗಳ್ಳರ ಬಗ್ಗೆಯೂ ಇದನ್ನೇ ಹೇಳಿದ್ದ: ಹೆಂಡತಿ ಮಕ್ಕಳನ್ನು ಕರೆದುಕೊಂಡೇ ಹೊರಡುತ್ತಾರೆ. ಗುಜರಾತಿನ ಕಡಲ್ಗಳ್ಳರು ಮುತ್ತು ನುಂಗಿದ ವ್ಯಾಪಾರಿಗಳಿಗೆ ಸಮುದ್ರದ ನೀರಿನ ಜೊತೆ ಹುಣಸೆಹಣ್ಣು ಕುಡಿಸಿ ವಾಂತಿ ಮಾಡಿಸುತ್ತಿದ್ದರಂತೆ.

ಇನ್ನು ಯಾರು ಕಡಲ್ಗಳ್ಳ ಎನ್ನುವುದು ಹೇಳುವವರ ಮೇಲೆ. ಹೊನ್ನಾವರದ ತಿಮ್ಮೋಜ 1510ರಲ್ಲಿ ಪೋರ್ಚುಗೀಸರಿಗೆ ಗೋವಾದ ದಾರಿ ತೋರಿಸಿದ. ಅವರ ಬರಹಗಳಲ್ಲಿ ಅವನು ಕಡಲ್ಗಳ್ಳನೂ ಹೌದು, ಮಿತ್ರನೂ ಹೌದು. ಬ್ರಿಟಿಷರು ಕಳ್ಳ ಎಂದ ಮರಾಠಾ ನೌಕಾಪಡೆಯ ಮುಖ್ಯಸ್ಥ ಕಾನ್ಹೋಜಿ ಆಂಗ್ರೆಯ ಹೆಸರು ಈಗ ನಮ್ಮ ನೌಕಾಪಡೆಯ ಮುಂಬೈ ನೆಲೆಗಿದೆ. 1697ರ ಸೆಪ್ಟೆಂಬರಿನಲ್ಲಿ ವಿಲಿಯಂ ಕಿಡ್ ಕಾರವಾರದಲ್ಲಿ ಲಂಗರು ಹಾಕಿದಾಗ ಅವನ ಕೈಯಲ್ಲಿ ಕಡಲ್ಗಳ್ಳರನ್ನು ಹಿಡಿಯಲು ಇಂಗ್ಲೆಂಡಿನ ರಾಜ ಕೊಟ್ಟ ಪತ್ರವೇ ಇತ್ತು. ಕಂಪನಿಯ ಕಾರವಾರದ ಕೋಠಿಯಿಂದ ಇಬ್ಬರು ಹಡಗಿಗೆ ಹೋಗಿ ನೋಡಿ ಬಂದರು. ಅವರ ವರದಿಯಲ್ಲಿ ಕಿಡ್ ದೊಡ್ಡಾಳು, ಮಾತೆತ್ತಿದರೆ ಪಿಸ್ತೂಲು ಕೇಳುವವನು, ತನ್ನ ಆಳುಗಳ ಜೊತೆಗೇ ಹೊಡೆದಾಡುವವನು. 1701ರಲ್ಲಿ ಲಂಡನ್ನಿನಲ್ಲಿ ಅವನನ್ನು ಕಡಲ್ಗಳ್ಳ ಎಂದೇ ಗಲ್ಲಿಗೇರಿಸಿದರು. ಮೊದಲ ಸಲ ಹಗ್ಗ ಹರಿಯಿತು, ಮತ್ತೆ ಹಾಕಿದರು.

ಇದೆಲ್ಲ ಹಳೆಯ ಕಥೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2024ರ ಮಾರ್ಚ್ 16ರಂದು ನಮ್ಮ ಕರಾವಳಿಯಿಂದ ಸುಮಾರು 2,600 ಕಿಲೋಮೀಟರ್ ದೂರದಲ್ಲಿ ಐಎನ್ಎಸ್ ಕೋಲ್ಕತ್ತಾ ‘ರುಯೆನ್’ ಹಡಗನ್ನು ಸೊಮಾಲಿ ಕಡಲ್ಗಳ್ಳರಿಂದ ಬಿಡಿಸಿತು. 17 ಸಿಬ್ಬಂದಿ ಬಚಾವಾದರು, 35 ಕಡಲ್ಗಳ್ಳರು ಶರಣಾದರು. ಅವರನ್ನು ಮುಂಬೈಗೆ ತಂದರು. ಸೊಮಾಲಿ ಕಡಲ್ಗಳ್ಳನ ಉಡುಪು ಅಂದರೆ ಮಾಸಿದ ಟೀ ಶರ್ಟು, ಚಪ್ಪಲಿ, ಮಕಾವೀಸ್. ಮಕಾವೀಸ್ ನಮ್ಮ ಲುಂಗಿಯೇ. ಅಲ್ಲಿನ ಮೀನುಗಾರನೂ ಅದನ್ನೇ ಉಡುತ್ತಾನೆ. 1991ರಲ್ಲಿ ಸರ್ಕಾರ ಕುಸಿದ ಮೇಲೆ ವಿದೇಶಿ ಟ್ರಾಲರ್‌ಗಳು ಅವರ ಕಡಲನ್ನು ಬರಿದು ಮಾಡಿದವು. ಮೊದಮೊದಲು ಅವನ್ನು ಅಡ್ಡಗಟ್ಟಿದವರಲ್ಲಿ ಮೀನುಗಾರರೂ ಇದ್ದರು. ಆಮೇಲೆ ಅದು ದಂಧೆಯಾಯಿತು. 2011ರಲ್ಲಿ 237 ದಾಳಿ. ದಂಧೆಯ ಒಳಗೆ ಹಳೆಯ ಲೆಕ್ಕವೇ: ಮೊದಲು ಹಡಗು ಹತ್ತಿದವನಿಗೆ ಜಾಸ್ತಿ ಪಾಲು. ಅಗಿಯಲು ಕೊಟ್ಟ ಖಾತ್ ಎಂಬ ಅಮಲಿನ ಸೊಪ್ಪಿನ ಸಾಲ ಪಾಲಿನಲ್ಲಿ ವಜಾ.

ಬಟ್ಟೆ ಗುರುತು ಕೊಡದಿದ್ದಾಗ ನೌಕಾಪಡೆಗಳು ಸಾಮಾನು ನೋಡುತ್ತವೆ. ಚಿಕ್ಕ ದೋಣಿಯಲ್ಲಿ ಉದ್ದದ ಏಣಿ, ಕೊಕ್ಕೆ ಕಟ್ಟಿದ ಹಗ್ಗ, ಲೆಕ್ಕಕ್ಕಿಂತ ಹೆಚ್ಚು ಇಂಧನದ ಡ್ರಮ್ಮು, ಬಂದೂಕು. ಮೀನು ಹಿಡಿಯಲು ಏಣಿ ಬೇಕಿಲ್ಲವಲ್ಲ. ನಮ್ಮ 2022ರ ಕಡಲ್ಗಳ್ಳತನ ತಡೆ ಕಾಯ್ದೆಯೂ ಇದೇ ದಾರಿ ಹಿಡಿದಿದೆ. ಕೃತ್ಯಕ್ಕೆ ಬಳಸಿದ ಅಥವಾ ಬಳಸಲು ಇಟ್ಟುಕೊಂಡ ಆಯುಧ, ಸಲಕರಣೆ ಕೈಯಲ್ಲಿ ಸಿಕ್ಕರೆ ತಪ್ಪು ಮಾಡಿದ್ದಾನೆ ಎಂದೇ ಭಾವಿಸಬಹುದು. ಅಲ್ಲ ಎಂದು ಆರೋಪಿಯೇ ತೋರಿಸಬೇಕು. ಶಿಕ್ಷೆ ಜೀವಾವಧಿಯವರೆಗೆ, ಸಾವು ಸಂಭವಿಸಿದರೆ ಮರಣದಂಡನೆಯೂ ಆಗಬಹುದು. ಸಾಮಾನು ಬಟ್ಟೆಗಿಂತ ಒಳ್ಳೆಯ ಸಾಕ್ಷಿ, ಒಪ್ಪುತ್ತೇನೆ. ಆದರೆ ಅದನ್ನು ನೋಡಲು ಹತ್ತಿರ ಹೋಗಬೇಕು. ಆ ಕಡಲಿನಲ್ಲಿ ಮೀನುಗಾರರೂ ಬಂದೂಕು ಇಟ್ಟುಕೊಳ್ಳುತ್ತಾರೆ ಎನ್ನುವುದು ಬೇರೆ.

ಹತ್ತಿರ ಹೋಗದೆ ತೀರ್ಮಾನಿಸಿದಾಗ ಆದದ್ದೂ ಇದೆ. 2008ರ ನವೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ ಐಎನ್ಎಸ್ ತಬರ್ ಕಡಲ್ಗಳ್ಳರ ತಾಯಿಹಡಗೊಂದನ್ನು ಮುಳುಗಿಸಿತು ಎಂದು ಸುದ್ದಿಯಾಯಿತು. ಅದು ಕಳ್ಳರು ವಶಪಡಿಸಿಕೊಂಡಿದ್ದ ಥಾಯ್ಲೆಂಡಿನ ಮೀನುಗಾರಿಕೆ ಟ್ರಾಲರ್. ಮೀನುಗಾರರು ಇನ್ನೂ ಒಳಗಿದ್ದರು. ಬದುಕಿ ಸಿಕ್ಕವನು ಒಬ್ಬನೇ, ಆರು ದಿನ ನೀರಿನಲ್ಲಿ ತೇಲಿದ ಕಾಂಬೋಡಿಯಾದ ನಾವಿಕ.

2010ರಲ್ಲಿ ಹಡಗು ಉದ್ಯಮ ಕಡಲ್ಗಳ್ಳರ ಭಯವಿರುವ ‘ಅಪಾಯದ ವಲಯ’ದ ಗೆರೆಯನ್ನು ಪೂರ್ವಕ್ಕೆ 78 ಡಿಗ್ರಿ ರೇಖಾಂಶದವರೆಗೆ ಎಳೆಯಿತು. ಕರ್ನಾಟಕ, ಕೇರಳದ ಕರಾವಳಿಯೆಲ್ಲ ಅದರೊಳಗೆ ಬಂತು. ದಡದ ಹತ್ತಿರ ಸಾಗುವುದೇ ಕ್ಷೇಮ ಎಂದು ದೊಡ್ಡ ಹಡಗುಗಳು ಬಲೆ ಬೀಸುವ ನೀರಿಗೇ ಬಂದವು, ಬಂದೂಕುಧಾರಿಗಳನ್ನು ಹೊತ್ತು. ಭಾರತ ತಕರಾರು ಮಾಡುತ್ತಲೇ ಇತ್ತು. 2015ರ ಡಿಸೆಂಬರಿನಲ್ಲಿ ಗೆರೆ 65 ಡಿಗ್ರಿಗೆ ಸರಿಯಿತು. 2023ರ ಜನವರಿ 1ಕ್ಕೆ ವಲಯವನ್ನೇ ತೆಗೆದರು. ಆ ವರ್ಷ ಮುಗಿಯುವ ಮೊದಲೇ, ಡಿಸೆಂಬರ್ 14ರಂದು, ರುಯೆನ್ ಅಪಹರಣವಾಯಿತು.

ಗೆರೆ 78ರಲ್ಲಿದ್ದಾಗ, 2012ರ ಫೆಬ್ರವರಿ 15ರ ಸಂಜೆ, ಕೇರಳದ ತೀರದಿಂದ ಸುಮಾರು 20 ನಾಟಿಕಲ್ ಮೈಲಿ ದೂರದಲ್ಲಿ ಇಟಲಿಯ ‘ಎನ್ರಿಕಾ ಲೆಕ್ಸಿ’ ತೈಲ ಹಡಗಿನ ಕಡೆಗೆ ‘ಸೇಂಟ್ ಆಂಟನಿ’ ಎಂಬ ಮೀನಿನ ದೋಣಿ ಬರುತ್ತಿತ್ತು. ಹಡಗಿನ ಮೇಲಿದ್ದ ಇಟಲಿಯ ನೌಕಾ ಯೋಧರಿಗೆ ಅದು ಕಡಲ್ಗಳ್ಳರ ದೋಣಿಯ ಹಾಗೆ ಕಂಡಿತಂತೆ. ಗುಂಡು ಹಾರಿಸಿದರು, ಇಬ್ಬರು ಮೀನುಗಾರರು ಸತ್ತರು. 2021ರಲ್ಲಿ ಸುಪ್ರೀಂ ಕೋರ್ಟು 10 ಕೋಟಿ ರೂಪಾಯಿ ಪರಿಹಾರ ಪಡೆದು ಇಲ್ಲಿನ ಪ್ರಕರಣ ಮುಗಿಸಿತು. ಸತ್ತವರ ಮನೆಗಳಿಗೆ ತಲಾ 4 ಕೋಟಿ, ದೋಣಿಯ ಮಾಲೀಕನಿಗೆ 2 ಕೋಟಿ. 2022ರ ಜನವರಿಯಲ್ಲಿ ರೋಮ್‌ನ ನ್ಯಾಯಾಧೀಶರು ಯೋಧರ ಮೇಲಿನ ಪ್ರಕರಣವನ್ನೂ ಕೈಬಿಟ್ಟರು. ದೋಣಿಯಲ್ಲಿದ್ದವರು 11 ಜನ. ಒಬ್ಬರ ಬಳಿಯೂ ಆಯುಧ ಇರಲಿಲ್ಲ.